ಉಜ್ಜುವ ಮೊದಲು ಓದಿ: 1969ರ ಕಮಾರೋಗೆ ಕಾರ್ಖಾನೆಯ ಬಣ್ಣವನ್ನೇ ಮರಳಿ ತರುವುದು ಹೇಗೆ?

ಹೀಟರ್ ಡಬ್ಬಿಯ ಕೊನೆಯ ನಟ್ಟು ಬಿಚ್ಚಿ, ಡಬ್ಬಿಯನ್ನು ಮೆಲ್ಲಗೆ ಎಳೆದು ತೆಗೆದಾಗ ಫೈರ್‌ವಾಲ್ (ಎಂಜಿನ್ ಕೋಣೆಗೂ ಕಾರಿನ ಒಳಗಿಗೂ ನಡುವಿನ ತಗಡಿನ ಗೋಡೆ) ಮೇಲೆ ಅಂಗೈಯಗಲದ ಜಾಗವೊಂದು ಕಾಣಿಸಿತು. ಐವತ್ತು ವರ್ಷ ಬಿಸಿಲು, ಎಣ್ಣೆ, ಧೂಳು ಯಾವುದೂ ಸೋಕದ ಜಾಗ. ಟಾರ್ಚ್ ಹಿಡಿದು ನೋಡಿದೆ. ಕಪ್ಪು ಬಣ್ಣ ನಾನು ಅಂದುಕೊಂಡಷ್ಟು ಹೊಳೆಯುತ್ತಿರಲಿಲ್ಲ. ಒಂದು ಬದಿಯಲ್ಲಿ ದಪ್ಪಗೆ ಕೂತಿತ್ತು, ಇನ್ನೊಂದು ಬದಿಗೆ ಹೋಗುತ್ತ ಹೊಗೆಯ ಹಾಗೆ ತೆಳುವಾಗಿ, ಅದರಡಿಯಿಂದ ಕಿತ್ತಳೆ ಬಣ್ಣ ಇಣುಕುತ್ತಿತ್ತು. ಸ್ಪ್ರೇ ಗನ್ ಹಿಡಿದವನ ಕೈ ಯಾವ ಕಡೆಯಿಂದ ಯಾವ ಕಡೆಗೆ ಬೀಸಿತ್ತು ಎಂಬುದು ಆ ಒಂದು ಚೂರಿನಲ್ಲಿ ಬರೆದಿಟ್ಟಂತಿತ್ತು.

ಆ ಕಾರು 1969ರ ಷೆವರ್ಲೆ ಕಮಾರೋ ಝಡ್/28, ಬಣ್ಣ ಹಗ್ಗರ್ ಆರೆಂಜ್. ಅದು ಹುಟ್ಟಿದ್ದು ಒಹಾಯೊ ರಾಜ್ಯದ ನಾರ್‌ವುಡ್‌ನಲ್ಲಿ. ಸಿನ್ಸಿನಾಟಿ ನಗರದ ಒಡಲೊಳಗೇ ಸೇರಿಕೊಂಡಿರುವ ಪುಟ್ಟ ಊರು ಅದು, ಈಗ ನಾನಿರುವ ಮನೆಯಿಂದ ಅರ್ಧ ಗಂಟೆಯ ದಾರಿ. 1969ರ ಮಾದರಿಯ 2,43,085 ಕಮಾರೋಗಳಲ್ಲಿ ಬಹುಪಾಲು ಇಲ್ಲಿಂದಲೇ ಹೊರಬಂದವು, ಉಳಿದವು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಿಂದ. ನಾರ್‌ವುಡ್ ಕಾರ್ಖಾನೆ 1987ರಲ್ಲಿ ಮುಚ್ಚಿತು, ವ್ಯಾನ್ ನೈಸ್ 1992ರಲ್ಲಿ. ಹೋಗಿ ಕೇಳೋಣವೆಂದರೆ ಎರಡೂ ಇಲ್ಲ. ಉಳಿದಿರುವ ದಾಖಲೆ ಎಂದರೆ ಕಾರುಗಳೇ.

ಅದಕ್ಕೇ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಒಂದೇ ಮಾತು: ನಿಮ್ಮ ಕಾರನ್ನು ಕಾರ್ಖಾನೆಗಿಂತ ಚೆನ್ನಾಗಿ ಮಾಡಲು ಹೋಗಬೇಡಿ, ಕಾರ್ಖಾನೆಯ ಹಾಗೆ ಮಾಡಿ. ಕನ್ನಡಿಯ ಹಾಗೆ ಹೊಳೆಯಿಸುವುದು ದುಡ್ಡಿದ್ದವರಿಗೆ ಕಷ್ಟವಲ್ಲ. ಗಡಿಯಾರ ನೋಡಿಕೊಂಡು ದುಡಿದ ಕಾರ್ಮಿಕರು ಎಲ್ಲಿ ಶ್ರದ್ಧೆಯಿಂದ ಬಳಿದರು, ಎಲ್ಲಿ ಒಂದೇ ಬೀಸಿಗೆ ಮುಗಿಸಿದರು ಎಂದು ಅರಿತು ಅದನ್ನೇ ಮತ್ತೆ ತರುವುದು ಕಷ್ಟ. ಈ ಲೇಖನದಲ್ಲಿ 1969ರ ಕಮಾರೋ ಒಂದನ್ನೇ ಹಿಡಿದು ಹೋಗುತ್ತೇನೆ. ಆ ಕಾಲದ ಬೇರೆ ಕಾರುಗಳಾದ ಮಸ್ಟಾಂಗ್, ಚಾಲೆಂಜರ್ ಇಟ್ಟುಕೊಂಡವರಿಗೂ ಕ್ರಮ ಇದೇ; ಬಣ್ಣದ ಜಾತಿ ಮತ್ತು ಸಂಕೇತಗಳು ಬೇರೆ.

ಹಂತ 1: ಕ್ಯಾಮೆರಾ ಮೊದಲು, ಉಜ್ಜುಕಾಗದ ಆಮೇಲೆ

ಕಾರು ಮನೆಗೆ ಬಂದ ವಾರವೇ ಬಣ್ಣ ಕೆರೆಯಲು ಕೂರುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ಎಡಗಡೆ ಬಾಗಿಲಿನ ಚೌಕಟ್ಟನ್ನು ಫೋಟೋ ತೆಗೆಯದೆ ಉಜ್ಜಿಬಿಟ್ಟೆ. ಅಲ್ಲಿ ತಗಡಿನ ಸಂದು ಮುಚ್ಚುವ ಸೀಲರ್ ಹೇಗೆ ಹಚ್ಚಿದ್ದರು, ಬಣ್ಣ ಎಲ್ಲಿಯವರೆಗೆ ಬಂದಿತ್ತು ಎಂದು ತಿಳಿಯಲು ಕೊನೆಗೆ ಬಲಗಡೆಯನ್ನೇ ನೋಡಿಕೊಂಡು ಊಹಿಸಬೇಕಾಯಿತು. ಎಡಗೈ ಕೆಲಸ, ಬಲಗೈ ಕೆಲಸ ಎರಡೂ ಒಂದೇ ಥರ ಇರುವುದಿಲ್ಲ. ಕಾರ್ಖಾನೆಯ ಸಾಲಿನಲ್ಲಿ ಎರಡು ಬದಿಗೆ ಇಬ್ಬರು ಬೇರೆ ಬೇರೆ ಮನುಷ್ಯರು ನಿಂತಿರುತ್ತಿದ್ದರು.

ಪ್ರತಿ ಭಾಗವನ್ನೂ ಬಿಚ್ಚುವ ಮೊದಲು ಒಂದು, ಬಿಚ್ಚಿದ ಮೇಲೆ ಅದರ ಹಿಂದಿನ ಜಾಗದ್ದು ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಜೊತೆಗೆ ಒಂದು ಬೂದು ಬಣ್ಣದ ಕಾರ್ಡ್ ಇರಲಿ. ಕಾರ್ಡ್ ಇಲ್ಲದಿದ್ದರೆ ಫೋನಿನ ಕ್ಯಾಮೆರಾ ತನ್ನಿಷ್ಟದಂತೆ ಬಣ್ಣ ತಿದ್ದಿಬಿಡುತ್ತದೆ. ಜಿಡ್ಡು ತೆಗೆಯಲು ಪ್ರೆಷರ್ ವಾಷರ್ ತರಬೇಡಿ. ಸೌಮ್ಯವಾದ ಸೋಪಿನ ನೀರು, ಮೆತ್ತನೆಯ ಬ್ರಷ್, ತಾಳ್ಮೆ ಇಷ್ಟೇ. ಜಿಡ್ಡಿನ ಅಡಿಯಲ್ಲಿ ಮೇಣದ ಪೆನ್ಸಿಲಿನಲ್ಲಿ ಬರೆದ ಅಂಕೆಗಳು, ತಪಾಸಣೆಯವರ ಮುದ್ರೆಗಳು ಅಡಗಿರುತ್ತವೆ. ತಿನ್ನರ್ ಬಟ್ಟೆ ಒಮ್ಮೆ ಆಡಿಸಿದರೆ ಅವು ಅಳಿಸಿಹೋಗುತ್ತವೆ, ಮತ್ತೆ ಯಾರೂ ತಂದುಕೊಡಲಾರರು.

ಅಸಲಿ ಬಣ್ಣ ಸಿಗುವ ಜಾಗಗಳು ನನ್ನ ಅನುಭವದಲ್ಲಿ ಇವು: ಹೀಟರ್ ಡಬ್ಬಿಯ ಹಿಂದೆ, ವೈಪರ್ ಮೋಟಾರಿನ ಗ್ಯಾಸ್ಕೆಟ್ ಕೆಳಗೆ, ಬಾಗಿಲ ಹೊಸ್ತಿಲಿನ ಅಲ್ಯೂಮಿನಿಯಂ ಪಟ್ಟಿಯ ಅಡಿಯಲ್ಲಿ, ಹಿಂದಿನ ಸೀಟಿನ ಬೆನ್ನಿನ ಪ್ಯಾಕೇಜ್ ಟ್ರೇ ಕೆಳಗೆ, ಬಾಗಿಲಿನ ಒಳಹಲಗೆ ತೆಗೆದರೆ ಕಾಣುವ ತಗಡಿನ ಮೇಲೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಕಡೆ. ಇವುಗಳಲ್ಲಿ ಒಂದೆರಡು ಜಾಗವನ್ನಾದರೂ ಕೊನೆಯವರೆಗೂ ಉಜ್ಜದೆ ಹಾಗೇ ಬಿಡಿ. ಮುಂದೆ ಬಣ್ಣ ಹೊಂದಿಸುವಾಗ ನ್ಯಾಯ ಹೇಳುವುದು ಅವೇ.

ಹಂತ 2: ಫೈರ್‌ವಾಲ್ ಮೇಲಿನ ತಗಡು ಚೀಟಿ

ಎಂಜಿನ್ ಕೋಣೆಯಲ್ಲಿ ಚಾಲಕನ ಬದಿಯ ಫೈರ್‌ವಾಲ್ ಮೇಲೆ ಸಣ್ಣ ತಗಡೊಂದನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಕೌಲ್ ಟ್ಯಾಗ್ ಎಂದು ಕರೆಯುವುದು ಅದನ್ನೇ. ಬಣ್ಣದ ಸಂಕೇತ ಅದರಲ್ಲಿದೆ. ಎರಡು ಸಂಕೇತಗಳಿರುತ್ತವೆ: ಮೊದಲನೆಯದು ಕೆಳಗಿನ ದೇಹಕ್ಕೆ, ಎರಡನೆಯದು ಮೇಲ್ಛಾವಣಿಗೆ. 72 72 ಎಂದಿದ್ದರೆ ಇಡೀ ಕಾರು ಹಗ್ಗರ್ ಆರೆಂಜ್. 72ರ ಪಕ್ಕ ಬಿ ಅಕ್ಷರವಿದ್ದರೆ ದೇಹ ಕಿತ್ತಳೆ, ಮೇಲೆ ಕಪ್ಪು ವಿನೈಲ್ ಹೊದಿಕೆ. 1969ರಲ್ಲಿ ಹೆಚ್ಚಾಗಿ ಎದುರಾಗುವ ಉಳಿದ ಸಂಕೇತಗಳು: 10 ಟಕ್ಸೀಡೋ ಬ್ಲ್ಯಾಕ್, 50 ಡೋವರ್ ವೈಟ್, 52 ಗಾರ್ನೆಟ್ ರೆಡ್, 57 ಫ್ಯಾದಮ್ ಗ್ರೀನ್, 69 ಕೋರ್ಟೆಜ್ ಸಿಲ್ವರ್, 71 ಲೆ ಮಾನ್ಸ್ ಬ್ಲೂ, 76 ಡೇಟೋನಾ ಯೆಲ್ಲೊ, 79 ರ‍್ಯಾಲಿ ಗ್ರೀನ್.

ಕೆಳಗಿನ ಸಾಲಿನಲ್ಲಿ ದೇಹ ತಯಾರಾದ ತಿಂಗಳು ಅಂಕೆಯಲ್ಲೂ, ವಾರ ಅಕ್ಷರದಲ್ಲೂ ಇರುತ್ತದೆ. 12ಬಿ ಎಂದರೆ ಡಿಸೆಂಬರ್ ಎರಡನೆಯ ವಾರ. ನಾರ್‌ವುಡ್ ಕಾರಾಗಿದ್ದರೆ ಎಕ್ಸ್ ಅಕ್ಷರದಿಂದ ಶುರುವಾಗುವ ಇನ್ನೊಂದು ಸಂಕೇತವೂ ಸಿಗಬಹುದು. ಎಕ್ಸ್33, ಎಕ್ಸ್77 ಎರಡೂ ಝಡ್/28ರವು. ಯಾವ ಕಾರ್ಖಾನೆ ಎಂದು ಖಚಿತ ಮಾಡಿಕೊಳ್ಳಲು ವಿಂಡ್‌ಷೀಲ್ಡ್ ಒಳಗೆ ಡ್ಯಾಶ್‌ಬೋರ್ಡ್ ಮೇಲೆ ಕಾಣುವ ಕಾರಿನ ಸಂಖ್ಯೆ ನೋಡಿ: ಏಳನೆಯ ಸ್ಥಾನದಲ್ಲಿ ಎನ್ ಇದ್ದರೆ ನಾರ್‌ವುಡ್, ಎಲ್ ಇದ್ದರೆ ವ್ಯಾನ್ ನೈಸ್. ಇದು ಹೆಮ್ಮೆಗೆ ಬೇಕಾದ ವಿವರ ಮಾತ್ರವಲ್ಲ. ಎರಡು ಕಾರ್ಖಾನೆಗಳ ಕೈಚಳಕ ಬೇರೆ. ನಾರ್‌ವುಡ್ ಕಾರಿಗೆ ವ್ಯಾನ್ ನೈಸ್ ಕಾರಿನ ಫೋಟೋ ನೋಡಿಕೊಂಡು ಬಣ್ಣ ಬಳಿದರೆ ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಆ ತಗಡನ್ನು ಕೀಳಬೇಡಿ, ಉಜ್ಜಿ ಬೆಳ್ಳಗೆ ಮಾಡಬೇಡಿ. ಬಣ್ಣದ ಬೂತಿಗೆ ಹೋಗುವ ಮೊದಲೇ ಅದನ್ನು ಕೂರಿಸುತ್ತಿದ್ದರು. ಆದ್ದರಿಂದ ಅದರ ಮೇಲೆ ದೇಹದ ಬಣ್ಣವೂ, ಆಮೇಲೆ ಫೈರ್‌ವಾಲಿನ ಕಪ್ಪೂ ಬಿದ್ದಿರಬೇಕು. ಮಿರಮಿರ ಮಿಂಚುವ ಟ್ಯಾಗ್ ಕಂಡರೆ ಕೊಳ್ಳುವವರಿಗೆ ಅನುಮಾನ ಹುಟ್ಟುವುದು ನ್ಯಾಯವೇ.

ಹಂತ 3: ಯಾವುದು ಮೊದಲು, ಯಾವುದು ಆಮೇಲೆ

ಇಡೀ ಕೆಲಸದ ಬೀಗದ ಕೈ ಇಲ್ಲಿದೆ. ಕಾರು ಬಣ್ಣದ ಬೂತಿನಲ್ಲಿ ಹಾಯುವಾಗ ಅದರ ಮೈಮೇಲೆ ಏನೇನಿತ್ತೋ ಅದಕ್ಕೆಲ್ಲ ದೇಹದ ಬಣ್ಣ. ಆಮೇಲೆ ಜೋಡಿಸಿದ್ದಕ್ಕೆ ಅದರದೇ ಬಣ್ಣ, ಇಲ್ಲವೇ ಬರಿ ಲೋಹ. ಈ ಒಂದು ಸೂತ್ರ ತಲೆಯಲ್ಲಿದ್ದರೆ ನೂರು ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳಬಹುದು.

ಬಾಗಿಲು ಕೂರಿಸಿದ ಮೇಲೆ ಬಣ್ಣ ಹೊಡೆದರು. ಹಾಗಾಗಿ ಹಿಂಜುಗಳಿಗೂ ಅವುಗಳ ಬೋಲ್ಟಿನ ತಲೆಗಳಿಗೂ ದೇಹದ ಬಣ್ಣ. ಬಾಗಿಲ ಚಿಲಕ ಮತ್ತು ಅದು ಕಚ್ಚಿಕೊಳ್ಳುವ ಸ್ಟ್ರೈಕರ್ ಆಮೇಲೆ ಬಂದವು, ಅವಕ್ಕೆ ಬಣ್ಣ ತಾಗಬಾರದು. ಬಿಡಿಬಿಡಿಯಾಗಿ ಬಣ್ಣ ಬಳಿದು ಜೋಡಿಸಿದ ಕಾರಿನಲ್ಲಿ ಹಿಂಜಿನ ಬೋಲ್ಟುಗಳು ಬೆಳ್ಳಗೆ ಹೊಳೆಯುತ್ತಿರುತ್ತವೆ. ನೋಡಲು ಚೆಂದ, ಆದರೆ ತಪ್ಪು. ನಾವು ಬಾಗಿಲುಗಳನ್ನು ಹೊಂದಿಸಿ, ಬೋಲ್ಟು ಬಿಗಿದು, ಚೌಕಟ್ಟಿಗೆ ಬಣ್ಣ ಹೊಡೆದು, ಅನಂತರ ಹೊರಮೈಗೆ ಹೋದೆವು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಕಮಾರೋದ ದೇಹವನ್ನು ಫಿಷರ್ ಬಾಡಿ ವಿಭಾಗ ಕಟ್ಟಿ, ಬಣ್ಣ ಹಚ್ಚಿ, ಒಳಗಿನ ಸೀಟು ಸಾಮಾನು ಜೋಡಿಸಿ ಷೆವರ್ಲೆಯ ಸಾಲಿಗೆ ಕಳಿಸುತ್ತಿತ್ತು. ಮುಂದಿನ ಫೆಂಡರ್, ಬಾನೆಟ್ ಮೊದಲಾದ ಮುಂಭಾಗದ ತಗಡುಗಳಿಗೆ ಷೆವರ್ಲೆ ಕಡೆಯಲ್ಲಿ ಬೇರೆಯಾಗಿ ಬಣ್ಣವಾಗುತ್ತಿತ್ತು. ಅಂದರೆ ಬಾಗಿಲಿನ ಬಣ್ಣ ಹೊಡೆದ ಗನ್ ಬೇರೆ, ಅದರ ಪಕ್ಕದ ಫೆಂಡರಿನದು ಬೇರೆ. ಲೆ ಮಾನ್ಸ್ ಬ್ಲೂ, ಫ್ಯಾದಮ್ ಗ್ರೀನ್‌ನಂಥ ಮೆಟಾಲಿಕ್ ಬಣ್ಣಗಳಲ್ಲಿ ಬಾಗಿಲಿಗೂ ಫೆಂಡರಿಗೂ ಎಳೆಯಷ್ಟು ವ್ಯತ್ಯಾಸ ಬಂದಿದ್ದರೆ ಅದು ಕಾರ್ಖಾನೆಯ ಗುಣವೇ. ಅದನ್ನು ಬೇಕೆಂದೇ ತರಬೇಕೆ ಎಂದು ಕೇಳಿದರೆ, ಬೇಡ ಎನ್ನುತ್ತೇನೆ. ಆದರೆ ಫೆಂಡರ್, ಬಾನೆಟ್‌ಗಳನ್ನು ಕಾರಿನಿಂದ ಬಿಡಿಸಿಯೇ ಬಣ್ಣ ಹೊಡೆಯಿರಿ, ಅಂಚುಗಳು ಸರಿಯಾಗಿ ಬರುತ್ತವೆ. ದೇಹದ ಬಣ್ಣದ್ದೇ ರಬ್ಬರ್ ಬಂಪರ್ ಇರುವ ಕಾರಾದರೆ ಅದಕ್ಕೆ ಬಾಗುವ ಗುಣದ ಮಿಶ್ರಣ ಸೇರಿಸಿದ ಬಣ್ಣ ಬೇಕು, ಇಲ್ಲದಿದ್ದರೆ ಮೊದಲ ಚಳಿಗಾಲಕ್ಕೇ ಬಿರಿಯುತ್ತದೆ.

ಹಂತ 4: ಲ್ಯಾಕರೋ, ಯುರೆಥೇನೋ

ಜನರಲ್ ಮೋಟಾರ್ಸ್ ಆ ಕಾಲದಲ್ಲಿ ಬಳಸಿದ್ದು ಅಕ್ರಿಲಿಕ್ ಲ್ಯಾಕರ್. ಮ್ಯಾಜಿಕ್ ಮಿರರ್ ಎಂಬ ಹೆಸರಿನಲ್ಲಿ ಅದನ್ನು ಜಾಹೀರಾತು ಮಾಡುತ್ತಿದ್ದರು. ಫೋರ್ಡ್ ಮತ್ತು ಕ್ರೈಸ್ಲರ್ ಎನಾಮೆಲ್ ಕಡೆಗಿದ್ದವು. ಮೂವರಲ್ಲಿ ಯಾರೂ ಮೇಲೆ ಕ್ಲಿಯರ್ ಕೋಟ್ ಹಾಕುತ್ತಿರಲಿಲ್ಲ. ಇವತ್ತಿನ ಕಾರುಗಳ ಮೇಲಿರುವ ಆ ಗಾಜಿನಂಥ ಪದರ ಮಸಲ್ ಕಾರ್‌ಗಳ, ಅಂದರೆ ದೊಡ್ಡ ಎಂಜಿನ್ನಿನ ಈ ಬಗೆಯ ಅಮೆರಿಕನ್ ಕಾರುಗಳ ಕಾಲದ್ದಲ್ಲ. ಲ್ಯಾಕರಿನ ಹೊಳಪು ಬಣ್ಣದ ಒಡಲಿನಿಂದಲೇ ಬರುತ್ತದೆ, ಬಣ್ಣದ ಮೇಲೆ ತೇಲುವುದಿಲ್ಲ.

ನಿಮ್ಮ ಕಾರಿನ ಮೇಲೆ ಈಗ ಇರುವುದು ಯಾವುದೆಂದು ತಿಳಿಯಲು, ಕಾಣದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಲ್ಯಾಕರ್ ತಿನ್ನರ್ ಹಾಕಿ ಮೆಲ್ಲಗೆ ಒರೆಸಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಲ್ಯಾಕರ್. ಸುಕ್ಕುಗಟ್ಟಿ ಮೆತ್ತಗಾದರೆ ಹಳೆಯ ಎನಾಮೆಲ್. ಏನೂ ಆಗದಿದ್ದರೆ ಯಾರೋ ಆಮೇಲೆ ಯುರೆಥೇನ್ ಹೊಡೆಸಿದ್ದಾರೆ. ಬಣ್ಣದ ದಪ್ಪ ಅಳೆಯುವ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಪ್ರೈಮರ್ ಸೇರಿ ಸುಮಾರು 100 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಮುಳ್ಳು ಅದರ ಐದಾರು ಪಟ್ಟು ಹಾರಿದರೆ ಕೆಳಗೆ ಪುಟ್ಟಿ ಇದೆ.

ಕಾರ್ಖಾನೆಯಲ್ಲಿ ಲ್ಯಾಕರ್ ಹೊಡೆದು, ಒಮ್ಮೆ ಬೇಯಿಸಿ, ಕಾಣುವ ತಪ್ಪುಗಳನ್ನು ಉಜ್ಜಿ, ಮತ್ತೆ ಬಿಸಿ ಒಲೆಗೆ ಕಳಿಸುತ್ತಿದ್ದರು. ಎರಡನೆಯ ಬಿಸಿಗೆ ಬಣ್ಣ ಮೆತ್ತಗಾಗಿ ಹರಿದು, ಉಜ್ಜಿದ ಗೀರುಗಳು ತಾವಾಗಿ ಕೂಡಿಕೊಳ್ಳುತ್ತಿದ್ದವು. ಮನೆಯ ಗ್ಯಾರೇಜಿನಲ್ಲಿ ಇದು ಆಗದ ಮಾತು. ನಮ್ಮ ದಾರಿ ಎಂದರೆ ಗಾಳಿಯಲ್ಲಿ ಒಣಗಿಸಿ, ನೀರುಕಾಗದದಲ್ಲಿ ಉಜ್ಜಿ, ಕಾಂಪೌಂಡ್ ಹಾಕುವುದು.

ಲ್ಯಾಕರ್ ಈಗಲೂ ಅಲ್ಲಲ್ಲಿ ಸಿಗುತ್ತದೆ. ಕ್ಯಾಲಿಫೋರ್ನಿಯಾದಂಥ ಕಡೆ ವಾಯುಮಾಲಿನ್ಯದ ನಿಯಮಗಳಿಂದಾಗಿ ಸಿಗುವುದು ಕಷ್ಟ. ಅದರ ದೊಡ್ಡ ಗುಣ, ತಪ್ಪಾದರೆ ಅದರ ಮೇಲೇ ಇನ್ನೊಂದು ಕೈ ಹೊಡೆದರೆ ಹಳೆಯದರೊಳಗೆ ಕರಗಿ ಒಂದಾಗುತ್ತದೆ. ದೊಡ್ಡ ದೋಷ, ದಪ್ಪವಾದಷ್ಟೂ ಬಿರುಕು. ಪ್ರದರ್ಶನದಲ್ಲಿ ತೀರ್ಪುಗಾರರ ಎದುರು ನಿಲ್ಲಿಸುವ ಕಾರಾದರೆ ಲ್ಯಾಕರ್ ಆರಿಸಿ. ಓಡಿಸುವ ಕಾರಾದರೆ ಸಿಂಗಲ್ ಸ್ಟೇಜ್ ಯುರೆಥೇನ್ ಸಾಕು: ಬಣ್ಣವೂ ಹೊಳಪೂ ಒಂದೇ ಪದರದಲ್ಲಿ, ಕ್ಲಿಯರ್ ಇಲ್ಲದೆ. ನಾನು ಮಾಡಿದ್ದು ಎರಡನೆಯದು. ಪದರದಿಂದ ಪದರಕ್ಕೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಮೂರು ಕೈ ಹೊಡೆದು, ಚೆನ್ನಾಗಿ ಗಟ್ಟಿಯಾದ ಮೇಲೆ 1500, 2000, 3000 ನಂಬರಿನ ಕಾಗದದಲ್ಲಿ ಹಗುರವಾಗಿ ಉಜ್ಜಿದೆ. ಪೂರ್ತಿ ಮಟ್ಟಸ ಮಾಡಬೇಡಿ. ಬಾಗಿಲಿನ ಮೇಲಿನ ಅರ್ಧದಲ್ಲಿ ನಯ, ಕೆಳಗೆ ರಾಕರ್ (ಬಾಗಿಲಿನಡಿಯ ಉದ್ದನೆಯ ತಗಡು) ಹತ್ತಿರ ಹೋದಂತೆ ಕಿತ್ತಳೆ ಸಿಪ್ಪೆಯ ತರಿ ಸ್ವಲ್ಪ ಉಳಿಯಲಿ. ಚೌಕಟ್ಟುಗಳ ಒಳಗೆ ಉಜ್ಜಲೇಬೇಡಿ. ಕಾರ್ಖಾನೆಯವರೂ ಅಲ್ಲಿ ಉಜ್ಜಿರಲಿಲ್ಲ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಕಾಲದ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ನೀರು ಹಾಕಿಯೇ ಉಜ್ಜಿ, ಕೆಲಸದ ಬಟ್ಟೆಯಲ್ಲಿ ಮನೆಯೊಳಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ. ಗಟ್ಟಿಕಾರಕ ಬೆರೆಸುವ ಯುರೆಥೇನಿನಲ್ಲಿ ಐಸೋಸಯನೇಟ್ ಇದೆ. ಅದಕ್ಕೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖಗವಸು ಬೇಕು. ಆ ವ್ಯವಸ್ಥೆ ಇಲ್ಲದಿದ್ದರೆ ಬೂತ್ ಬಾಡಿಗೆಗೆ ತೆಗೆದುಕೊಳ್ಳಿ.

ಹಂತ 5: ಡಬ್ಬಿಯ ಹೆಸರನ್ನು ನಂಬಬೇಡಿ

ಹಗ್ಗರ್ ಆರೆಂಜ್ ಎಂದು ಮೂರು ಅಂಗಡಿಯಲ್ಲಿ ಕೇಳಿ ನೋಡಿ, ಮೂರು ಕಿತ್ತಳೆ ಸಿಗುತ್ತದೆ. ಒಂದು ಕೆಂಪಿಗೆ ವಾಲಿರುತ್ತದೆ, ಒಂದು ಹಳದಿಗೆ. ಸೀಸವಿಲ್ಲದ ಈಗಿನ ವರ್ಣದ್ರವ್ಯಗಳಲ್ಲಿ ಹಳೆಯ ಬಣ್ಣದ ಒಳಧ್ವನಿ ಹಿಡಿಯುವುದು ಸುಲಭವಲ್ಲ. ಅಂಗೈಯಗಲದ ತಗಡು ಚೂರುಗಳಿಗೆ ಬಣ್ಣ ಹೊಡೆದು ನೋಡುವುದೊಂದೇ ದಾರಿ. ಕಾರಿಗೆ ಬಳಸುವ ಅದೇ ಗನ್, ಅದೇ ಗಾಳಿಯ ಒತ್ತಡ, ಅಷ್ಟೇ ಪದರ ಇರಲಿ. ಮೆಟಾಲಿಕ್ ಬಣ್ಣದಲ್ಲಿ ಇದು ಇನ್ನೂ ಮುಖ್ಯ. ಒದ್ದೆಯಾಗಿ ಹೊಡೆದರೆ ಲೋಹದ ಚೂರುಗಳು ಮುಳುಗಿ ಬಣ್ಣ ಗಾಢವಾಗುತ್ತದೆ, ಒಣಒಣವಾಗಿ ಹೊಡೆದರೆ ತೇಲಿ ಬೆಳ್ಳಗಾಗುತ್ತದೆ.

ಒಣಗಿದ ಚೂರನ್ನು ಒಂದನೆಯ ಹಂತದಲ್ಲಿ ಉಳಿಸಿಕೊಂಡ ಅಸಲಿ ಜಾಗಕ್ಕೆ ಒತ್ತಿ ಹಿಡಿದು ಬೆಳಗಿನ ಬಿಸಿಲು, ಮೋಡದ ನೆರಳು, ಟ್ಯೂಬ್‌ಲೈಟ್ ಮೂರರಲ್ಲೂ ನೋಡಿ. ಒಂದು ಬೆಳಕಿನಲ್ಲಿ ಸರಿಹೊಂದಿದ್ದು ಇನ್ನೊಂದರಲ್ಲಿ ಕೈಕೊಡುತ್ತದೆ. ನಾವು ಒಂಬತ್ತು ಚೂರು ಮಾಡಿದೆವು. ಏಳನೆಯದು ಟ್ಯೂಬ್‌ಲೈಟಿನಲ್ಲಿ ತದ್ರೂಪ, ಬಿಸಿಲಿಗೆ ತಂದರೆ ಟೊಮೇಟೊ. ಒಂಬತ್ತನೆಯದನ್ನು ಹಿಡಿದುಕೊಂಡು ಹೊರಗೆ ಬಂದಾಗ ಹಳೆಯ ಬಣ್ಣ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಹುಡುಕಬೇಕಾಯಿತು. ಹೊಂದಿಸುವ ಮೊದಲು ಹಳೆಯ ಜಾಗಕ್ಕೆ ಚೂರು ಪಾಲಿಷ್ ಹಾಕಿ ಒರೆಸಿಕೊಳ್ಳುವುದನ್ನು ಮರೆಯಬೇಡಿ, ಮಾಸಿದ ಬಣ್ಣಕ್ಕೆ ಹೊಂದಿಸಿದರೆ ಇಡೀ ಕಾರು ಮಾಸಿದಂತೆ ಬರುತ್ತದೆ.

ಹಂತ 6: ಕಪ್ಪು ಎಂದರೆ ಯಾವ ಕಪ್ಪು?

ಹೊರಗಿನ ಬಣ್ಣಕ್ಕಿಂತ ಜನ ಹೆಚ್ಚು ಎಡವುವುದು ಎಂಜಿನ್ ಕೋಣೆಯ ಕಪ್ಪಿನಲ್ಲಿ. ಫೈರ್‌ವಾಲ್, ಒಳಫೆಂಡರ್, ರೇಡಿಯೇಟರ್ ಹಿಡಿದಿರುವ ಚೌಕಟ್ಟು ಎಲ್ಲ ಕಪ್ಪೇ, ಆದರೆ ಅರೆಹೊಳಪು. ಪುನಶ್ಚೇತನದ ವಲಯದಲ್ಲಿ "60 ಡಿಗ್ರಿ ಕಪ್ಪು" ಎಂಬ ಮಾತು ಓಡಾಡುತ್ತದೆ. ಕೇಳಿದವರು ನೂರಕ್ಕೆ ಅರವತ್ತು ಹೊಳಪು ಎಂದುಕೊಂಡು ಮಿಂಚುವ ಕಪ್ಪು ಹೊಡೆಯುತ್ತಾರೆ. 60 ಡಿಗ್ರಿ ಎನ್ನುವುದು ಹೊಳಪು ಅಳೆಯುವ ಉಪಕರಣ ಬೆಳಕು ಬಿಡುವ ಕೋನ. ಎಷ್ಟು ಹೊಳಪು ಎಂಬುದನ್ನು ಅದು ಹೇಳುವುದೇ ಇಲ್ಲ. ಉತ್ತರ ಇರುವುದು ನಿಮ್ಮ ಹೀಟರ್ ಡಬ್ಬಿಯ ಹಿಂದೆ. ಹೊಳಪು ಇಳಿಸುವ ಪುಡಿದ್ರಾವಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನಾಲ್ಕಾರು ಚೂರು ಮಾಡಿಕೊಂಡು ಅದಕ್ಕೆ ಹೊಂದಿಸಿ.

ಹೊಡೆಯುವ ಬಗೆಯೂ ಮುಖ್ಯ. ದೇಹದ ಬಣ್ಣವಾದ ಮೇಲೆ ಫೈರ್‌ವಾಲಿಗೆ ಕಪ್ಪು ಬಿದ್ದದ್ದು. ಅಂಚಿನಲ್ಲಿ ಟೇಪ್ ಹಚ್ಚಿ ಗೆರೆ ಕೊರೆದಂತೆ ಮಾಡಿದರೆ ಕಾರ್ಖಾನೆಯ ನೋಟ ಬರುವುದಿಲ್ಲ. ನಾನು ರಟ್ಟಿನ ತುಂಡನ್ನು ಮೈಯಿಂದ ಎರಡು ಬೆರಳು ದೂರ ಹಿಡಿದು ಹೊಡೆದೆ. ಕಪ್ಪು ಮೆಲ್ಲಗೆ ಕರಗಿ ಕಿತ್ತಳೆಯೊಳಗೆ ಸೇರಿತು, ಡಬ್ಬಿಯ ಹಿಂದಿನ ಆ ಚೂರಿನಲ್ಲಿ ಇದ್ದ ಹಾಗೇ. ವೈಪರ್ ಮೋಟಾರ್, ಬ್ರೇಕ್ ಬೂಸ್ಟರ್, ಹೀಟರ್ ಡಬ್ಬಿ ಎಲ್ಲ ಈ ಕಪ್ಪಿನ ನಂತರ ಬಂದವು. ಅವುಗಳ ಮೇಲೆ ಕಪ್ಪಿನ ಹನಿ ಇರಬಾರದು.

ಬಾನೆಟ್ಟಿನ ಹಿಂಜುಗಳಿಗೆ ಬಣ್ಣವೇ ಇಲ್ಲ, ಫಾಸ್ಫೇಟ್ ಲೇಪ ಮಾತ್ರ. ಗಾಢ ಬೂದು, ಒಣ ಮೈ. ನಮ್ಮವನ್ನು ಒಂದು ಬಾಡಿ ಶಾಪ್‌ಗೆ ಸ್ವಚ್ಛ ಮಾಡಲು ಕೊಟ್ಟಿದ್ದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಮರಳು ಹೊಡೆದು ಹೊಳೆಯುವ ಕಪ್ಪು ಬಳಿದು ಕೊಟ್ಟರು. ಅಸಲಿ ಲೇಪ ಹೋಯಿತು. ಮತ್ತೆ ಫಾಸ್ಫೇಟ್ ಮಾಡಿಸಿ, ಎಣ್ಣೆ ಒರೆಸಿ ಹಾಕಬೇಕಾಯಿತು. ಹೊರಗೆ ಕೊಡುವ ಪ್ರತಿ ಭಾಗಕ್ಕೂ ಏನು ಮಾಡಬೇಕು, ಏನು ಮಾಡಬಾರದು ಎಂದು ಚೀಟಿ ಬರೆದು ಕಟ್ಟಿ ಕೊಡಿ.

ಹಿಂಬದಿಯ ದೀಪಗಳ ನಡುವಿನ ಫಲಕವೂ ಈ ಲೆಕ್ಕಕ್ಕೆ ಸೇರುತ್ತದೆ. ಕಮಾರೋದ ಇನ್ನೊಂದು ಬಗೆಯಾದ ಎಸ್‌ಎಸ್ 396 ಕಾರಿಗೆ ಅದು ಕಪ್ಪು. ಎಸ್‌ಎಸ್ 350ಕ್ಕೂ ಝಡ್/28ಕ್ಕೂ ದೇಹದ ಬಣ್ಣ. ಚೆಂದ ಕಾಣುತ್ತದೆಂದು ಎಲ್ಲದಕ್ಕೂ ಕಪ್ಪು ಹೊಡೆಯುವವರಿದ್ದಾರೆ. ಹಾಗೆ ಹೊಡೆದರೆ ಕಾರು ತಾನಲ್ಲದ ಇನ್ನೊಂದರ ವೇಷ ಹಾಕಿದಂತಾಗುತ್ತದೆ.

ಹಂತ 7: ಝಡ್/28ರ ಪಟ್ಟೆಗಳು

ಬಾನೆಟ್ ಮೇಲೂ ಡಿಕ್ಕಿಯ ಮುಚ್ಚಳದ ಮೇಲೂ ಓಡುವ ಆ ಅಗಲ ಪಟ್ಟೆಗಳು ಸ್ಟಿಕರ್ ಅಲ್ಲ, ಬಣ್ಣ. ಮೇಲೆ ಕ್ಲಿಯರ್ ಇಲ್ಲದ್ದರಿಂದ ಪಟ್ಟೆಯ ಅಂಚು ಕೈಗೆ ತಾಗುತ್ತಿತ್ತು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಪಟ್ಟೆ ಎಲ್ಲಿ ಶುರುವಾಯಿತೆಂದು ಹೇಳಬಹುದು. ಈಗ ಪಟ್ಟೆಯ ಮೇಲೆ ನಾಲ್ಕು ಕೈ ಕ್ಲಿಯರ್ ಹೊಡೆದು ಆ ಅಂಚನ್ನು ಹೂತುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕಾರಿನ ಮೇಲೆ ಮಾಡಬಹುದಾದ ಅತಿ ದೊಡ್ಡ ತಪ್ಪು ಅದು.

ಅಳತೆಗೆ ಷೆವರ್ಲೆಯ ಅಸೆಂಬ್ಲಿ ಇನ್‌ಸ್ಟ್ರಕ್ಷನ್ ಮ್ಯಾನ್ಯುಯಲ್ ನೋಡಿ. ಕಾರ್ಖಾನೆಯ ಸಾಲಿಗಾಗಿಯೇ ಮಾಡಿದ ಚಿತ್ರಗಳ ಪುಸ್ತಕ, ಮರುಮುದ್ರಣ ಸುಲಭವಾಗಿ ಸಿಗುತ್ತದೆ. ಸಾದಾ ಬಾನೆಟ್ಟಿಗೂ ಮಧ್ಯದಲ್ಲಿ ಉಬ್ಬಿದ ಕೌಲ್ ಇಂಡಕ್ಷನ್ ಬಾನೆಟ್ಟಿಗೂ ಪಟ್ಟೆಯ ಆಕಾರ ಬೇರೆ, ಒಂದರ ಅಚ್ಚು ಇನ್ನೊಂದಕ್ಕೆ ಹೊಂದದು. ಮೊದಲು ಕಾರಿನ ನಡುಗೆರೆಯನ್ನು ದಾರ ಎಳೆದು ಗುರುತಿಸಿ, ಎರಡು ಕಡೆಗೂ ಅಳೆದು, ಟೇಪ್ ಹಚ್ಚಿದ ಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಅಳತೆಪಟ್ಟಿ ಸರಿ ಎಂದದ್ದನ್ನು ಕಣ್ಣು ಸೊಟ್ಟ ಎನ್ನುವುದುಂಟು. ಎರಡು ತೆಳು ಕೈ ಸಾಕು. ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಅದರ ಮೇಲಕ್ಕೇ ಮಡಿಸಿ ನಿಧಾನವಾಗಿ ಎಳೆಯಿರಿ, ಅಂಚು ಹರಿಯದೆ ಬರುತ್ತದೆ. ಪಾಲಿಷ್ ಹಾಕುವಾಗ ಪಟ್ಟೆಯ ಅಂಚಿನ ಮೇಲೆ ಮೆಷಿನ್ ಹಾಯಿಸಬೇಡಿ, ಕೈಯಲ್ಲೇ ಒರೆಸಿ.

ಹಂತ 8: ಎಂಜಿನ್

ಷೆವರ್ಲೆ ಆರೆಂಜ್ ಎಂಬ ಎಂಜಿನ್ ಬಣ್ಣವೇ ಬೇರೆ, ಹಗ್ಗರ್ ಆರೆಂಜೇ ಬೇರೆ. ಕಿತ್ತಳೆ ಕಾರಿನ ಒಡೆಯರು ಒಂದೇ ಡಬ್ಬಿಯಲ್ಲಿ ಎರಡೂ ಮುಗಿಸಿದ್ದನ್ನು ಕಂಡಿದ್ದೇನೆ. ಎಂಜಿನ್ನನ್ನು ಜೋಡಿಸಿದ ಮೇಲೆ ಒಟ್ಟಾಗಿ ಬಣ್ಣ ಹೊಡೆಯುತ್ತಿದ್ದರು. ಹಾಗಾಗಿ ಬ್ಲಾಕ್, ಹೆಡ್, ಎಣ್ಣೆಯ ತೊಟ್ಟಿ, ಟೈಮಿಂಗ್ ಮುಚ್ಚಳ, ವಾಟರ್ ಪಂಪ್ ಎಲ್ಲ ಒಂದೇ ಬಣ್ಣ. ಗ್ಯಾಸ್ಕೆಟ್ಟಿನ ಅಂಚುಗಳಿಗೂ ಬೋಲ್ಟುಗಳಿಗೂ ಬಣ್ಣ. ನೀವೂ ಜೋಡಿಸಿದ ಮೇಲೆಯೇ ಹೊಡೆಯಿರಿ. ಝಡ್/28ರ 302 ಎಂಜಿನ್ನಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಅಲ್ಯೂಮಿನಿಯಂ, ಅದನ್ನು ಬರಿ ಲೋಹವಾಗಿ ಬಿಡಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಅಂಚಿಗೆ ಹಾರಿದ ಕಿತ್ತಳೆ ಮೊದಲ ಓಡಾಟಗಳಲ್ಲೇ ಸುಟ್ಟುಹೋಗುತ್ತಿತ್ತು. ಪ್ರದರ್ಶನಕ್ಕೆ ಸಾಲಿನಿಂದ ಆಗತಾನೇ ಇಳಿದಂತೆ ತೋರಿಸುವುದಾದರೆ ಹಾರಿದ್ದು ಇರಲಿ, ಓಡಿಸುವ ಕಾರಿಗೆ ಆ ಚಿಂತೆ ಬೇಡ. ಬಲಬದಿಯ ಹೆಡ್ಡಿನ ಮುಂದೆ ಎಂಜಿನ್ ಸಂಖ್ಯೆ ಕೊರೆದ ಮಟ್ಟಸ ಜಾಗವಿದೆ. ಅಲ್ಲಿಗೆ ಉಜ್ಜುಕಾಗದ, ಅರ ಯಾವುದೂ ಹೋಗಬಾರದು. ಕಾರಿನ ಅಸಲಿತನಕ್ಕೆ ಸಾಕ್ಷಿ ಆ ಲೋಹದ ಗೀರುಗಳೇ.

ಹಂತ 9: ಅಡಿಭಾಗ, ಡಿಕ್ಕಿ, ಚಕ್ರ

ಕಾರಿನ ಅಡಿಗೆ ಯಾರೂ ದೇಹದ ಬಣ್ಣ ಬಳಿಯಲಿಲ್ಲ. ಅಲ್ಲಿರುವುದು ಪ್ರೈಮರ್. ರಾಕರ್‌ಗಳಿಗೂ ಹಿಂಭಾಗದ ಕೆಳಅಂಚಿಗೂ ಬಣ್ಣ ಹೊಡೆಯುವಾಗ ಹಾರಿದ ಮಂಜು ಒಳಗಡೆಗೆ ಸ್ವಲ್ಪ ದೂರ ಕಾಣುತ್ತದೆ, ಆಮೇಲೆ ಮಾಯವಾಗುತ್ತದೆ. ಪ್ರೈಮರಿನ ಬಣ್ಣ ನಿಮ್ಮ ಕಾರಿನಲ್ಲಿ ಏನಿದೆಯೋ ಅದೇ ಸರಿ. ಎಂಜಿನ್ ಹೊರುವ ಮುಂದಿನ ಸಬ್‌ಫ್ರೇಮ್ ಷೆವರ್ಲೆ ಸಾಲಿನಲ್ಲಿ ಆಮೇಲೆ ಸೇರಿದ್ದು, ಹಾಗಾಗಿ ಅದರ ಕಪ್ಪಿನ ಮೇಲೆ ದೇಹದ ಬಣ್ಣದ ಮಂಜು ಇರಬಾರದು. ಪೆಟ್ರೋಲ್ ಟ್ಯಾಂಕಿಗೂ ಬಣ್ಣವಿಲ್ಲ.

ಡಿಕ್ಕಿಯೊಳಗೆ ಚುಕ್ಕೆಚುಕ್ಕೆಯ ಸ್ಪ್ಯಾಟರ್ ಬಣ್ಣ. ಗನ್ನಿನ ಒತ್ತಡ ಕಡಿಮೆ ಇಟ್ಟರೆ ಚುಕ್ಕೆ ದೊಡ್ಡದು, ಹೆಚ್ಚಿಸಿದರೆ ಸಣ್ಣದು. ಮೊದಲು ರಟ್ಟಿನ ಮೇಲೆ ಹೊಡೆದು ಸ್ಟೆಪ್ನಿ ಕೆಳಗಿನ ಹಳೆಯ ಚುಕ್ಕೆಗಳಿಗೆ ಹೋಲಿಸಿ. ಅಡಿಯ ಸೀಲರನ್ನು ಬೆರಳಿನಿಂದ ಸವರಿ ನಯ ಮಾಡಬೇಡಿ, ದಪ್ಪ ಬ್ರಷ್ಷಿನ ಎಳೆಗಳು ಹಾಗೇ ಕಾಣಲಿ. ರ‍್ಯಾಲಿ ಚಕ್ರಗಳಿಗೆ ಮುಂದೆ ಅರ್ಜೆಂಟ್ ಎಂಬ ಮಾಸಲು ಬೆಳ್ಳಿ ಬಣ್ಣ, ಹಿಂದೆ ಕಪ್ಪು, ಆ ಕಪ್ಪಿನ ಮೇಲೆ ಕಿಂಡಿಗಳಿಂದ ನುಗ್ಗಿದ ಬೆಳ್ಳಿಯ ಮಂಜು. ಮೊದಲು ಹಿಂದೆ ಕಪ್ಪು, ಆಮೇಲೆ ಮುಂದಿನಿಂದ ಬೆಳ್ಳಿ ಹೊಡೆದರೆ ಅದು ತಾನಾಗಿಯೇ ಬರುತ್ತದೆ.

ಹಂತ 10: ಕೊನೆಯ ಗುರುತುಗಳು

ಸ್ಟೀರಿಂಗ್ ಬಾಕ್ಸ್ ಮೇಲೊಂದು ಬಣ್ಣದ ಬೊಟ್ಟು, ಡ್ರೈವ್‌ಶಾಫ್ಟ್ ಸುತ್ತ ಪಟ್ಟೆ, ಬೋಲ್ಟು ಬಿಗಿದಾಯಿತೆಂದು ಎಳೆದ ಗೆರೆ, ಫೈರ್‌ವಾಲ್ ಮೇಲೆ ಮೇಣದ ಪೆನ್ಸಿಲಿನ ಅಂಕೆ. ಇವನ್ನು ಬಿಡಿಸುವಾಗ ಒಂದೇ ನಿಯಮ: ನಿಮ್ಮ ಕಾರಿನ ಮೇಲೆ ಕಂಡದ್ದನ್ನು ಮಾತ್ರ ಬಿಡಿಸಿ. ಇನ್ನೊಬ್ಬರ ಕಾರಿನಲ್ಲಿ ಚೆನ್ನಾಗಿ ಕಂಡಿತೆಂದು ತಂದು ಹಾಕಿದ ಗುರುತು ಸುಳ್ಳು ಸಹಿ ಇದ್ದಂತೆ.

ಬೆಲೆಬಾಳುವ ಕುಂಚ ಬೇಡ. ಅಗ್ಗದ ಬ್ರಷ್, ಇಲ್ಲವೇ ಕಡ್ಡಿಗೆ ಬಟ್ಟೆ ಸುತ್ತಿದ ತುದಿ ಸಾಕು. ಒಂದೇ ಏಟಿಗೆ ಹಚ್ಚಿ ಕೈ ತೆಗೆಯಿರಿ, ತಿದ್ದಬೇಡಿ. ಹಳೆಯ ಫೋಟೋದಲ್ಲಿ ಬೊಟ್ಟಿನಿಂದ ಬಣ್ಣ ಯಾವ ಕಡೆಗೆ ಇಳಿದಿದೆ ನೋಡಿ. ನಮ್ಮ ಸ್ಟೀರಿಂಗ್ ಬಾಕ್ಸಿನ ಮೇಲೆ ಹಳದಿ ಹನಿ ಮೇಲ್ಮುಖವಾಗಿ ಓಡಿತ್ತು. ಎರಡು ದಿನ ತಲೆಕೆಡಿಸಿಕೊಂಡ ಮೇಲೆ ಹೊಳೆಯಿತು, ಬೊಟ್ಟಿಡುವಾಗ ಆ ಬಾಕ್ಸು ತಲೆಕೆಳಗಾಗಿ ಇತ್ತು. ನಾವೂ ಅದನ್ನು ಕಾರಿಗೆ ಕೂರಿಸುವ ಮೊದಲು ಬೆಂಚಿನ ಮೇಲೆ ಬೋರಲು ಮಲಗಿಸಿ, ಹಳದಿ ಬೊಟ್ಟಿಟ್ಟು, ಹನಿ ತನ್ನ ದಾರಿ ಹಿಡಿದು ಇಳಿದು ಒಣಗುವವರೆಗೆ ಪಕ್ಕದಲ್ಲೇ ಕೂತಿದ್ದೆವು.